ಮರೆ ಎತ್ತಿದ ದಿನ

ಕಲಬುರಗಿ
22 ನವೆಂಬರ್ 2024

ಅವ್ವಾ, ಜೈ ಭೀಮ್.

ಫೋನ್ ಬಿಟ್ಟು ಪತ್ರ ಯಾಕೆ ಬರೆದಳು ಅಂತ ಹೆದರಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಸುಳ್ಳೇ ಬರುತ್ತದೆ. ಹೋದ ತಿಂಗಳು ವಿಮಾನ ಹಾರಿಸುವ ಪರೀಕ್ಷೆ ಪಾಸಾದೆ ಅಂದೆನಲ್ಲ, ಆಗಿರಲಿಲ್ಲ. ನೀನು ನಮ್ಮೂರು ಭಂಕೂರ ತುಂಬ ಪೇಢೆ ಹಂಚಿದೆ ಅಂತ ಗೊತ್ತಾದ ಮೇಲೆ ನಿಜ ಹೇಳುವ ಧೈರ್ಯ ಉಳಿಯಲಿಲ್ಲ.

ಈ ಪರೀಕ್ಷೆಯಲ್ಲಿ ಹೊರಗಿನದು ಕಾಣದಂತೆ ಹಣೆಗೆ ಟೊಪ್ಪಿಗೆಯಂಥ ಮರೆ ಕಟ್ಟುತ್ತಾರೆ. ಎದುರಿನ ಗಡಿಯಾರದಂಥ ಮಾಪಕಗಳ ಮುಳ್ಳುಗಳನ್ನಷ್ಟೇ ನೋಡಿ ಹಾರಬೇಕು. ಏರುವ ಮೊದಲು ನಿಲ್ದಾಣದ ಕಂಟ್ರೋಲಿನವರು ರೇಡಿಯೋದಲ್ಲಿ ದಾರಿ ಕೊಡುತ್ತಾರೆ: ಇಷ್ಟು ಎತ್ತರದ ತನಕ ನೆಟ್ಟಗೆ, ಆಮೇಲೆ ಇಂಥಲ್ಲಿ ತಿರುಗು. ಅದನ್ನು ಅಕ್ಷರ ಬಿಡದೆ ಅವರಿಗೇ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಅದೇ ದಾರಿ, ಯಾಕಂದರೆ ಪಕ್ಕದಲ್ಲೇ ಇನ್ನೊಬ್ಬರು ಬರುತ್ತಿರುತ್ತಾರೆ.

ಅವತ್ತು ನನಗೆ ಸಿಕ್ಕಿದ್ದು ನಮ್ಮೂರ ಮೇಲೆ ಹಾಯುವ ಶಹಾಬಾದಿನ ಕಡೆಯ ದಾರಿ. ಹಿಂದಿನ ದಿನವಷ್ಟೇ ನೀನು, "ನಮ್ಮ ಮನಿ ಮ್ಯಾಲಿಂದ ಹೋಗ್ತಿಯೇನು?" ಅಂತ ಕೇಳಿದ್ದೆ.

ಪರೀಕ್ಷಕರೂ ನಾನೂ ಮೋಡ ಹೊಕ್ಕೆವು. ಅಲ್ಲಿ ಮೇಲು ಕೆಳಗು ಅನ್ನುವುದೇ ಇಲ್ಲ. ಕೆಲಸಕ್ಕೆ ಹೋದಾಗ ಗಣಿಯ ಬೇವಿನ ಮರಕ್ಕೆ ನೀನು ಕಟ್ಟುತ್ತಿದ್ದ ಜೋಳಿಗೆಯಲ್ಲಿ ಮಲಗಿದ ಹಾಗಿತ್ತು. ಮೈ ಎಡಕ್ಕೆ ವಾಲಿದ್ದೇನೆ ಅನ್ನುತ್ತದೆ, ಮುಳ್ಳು ನೆಟ್ಟಗಿದ್ದೀ ಅನ್ನುತ್ತದೆ. ಮುಳ್ಳನ್ನೇ ನಂಬಬೇಕು, ನಂಬಿದೆ. ಆಮೇಲೆ ಮೋಡ ಹರಿದು ಮರೆಯ ಅಂಚಿಗೆ ಬೆಳಕು ಬಂತು. ಕೆಳಗೆ ನಮ್ಮೂರಿದೆ ಅನ್ನಿಸಿದ್ದೇ ತಡ, ಮರೆ ಎತ್ತಿಬಿಟ್ಟೆ.

ಪರಸಿ ಹಾಸುಗಲ್ಲಿನ ಗಣಿಗಳಲ್ಲಿ ನಿಂತ ನೀರು ಹಸಿರಾಗಿ ಮಿನುಗುತ್ತಿತ್ತು. ಆಚೆ ಕಾಗಿಣಾ ಹೊಳೆ. ಎಲ್ಲ ಮಾಳಿಗೆಯೂ ಅದೇ ಕಲ್ಲು, ಅದೇ ಬಣ್ಣ. ನಮ್ಮದು ಯಾವುದು ಅಂತ ಹುಡುಕುತ್ತ ಕೂತೆ. ಭಾಳ ಚಂದ ಇತ್ತು ಅವ್ವಾ. ಅಷ್ಟರಲ್ಲಿ ತಿರುಗುವ ಜಾಗ ದಾಟಿಹೋಗಿತ್ತು. ಪಕ್ಕದಲ್ಲಿದ್ದ ಪರೀಕ್ಷಕರು, ಅಮೀರ್ ಅಲಿ ಸಾಹೇಬರು, ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಇನ್ನೊಮ್ಮೆ ತಪ್ಪಿದರೆ ಮನೆಗೆ ಹೋಗುವುದೇ ಅಂತ ನಮ್ಮ ವಿಮಾನ ಶಾಲೆಯವರು ಹೇಳಿದರು.

ಇವತ್ತು ಬೆಳಿಗ್ಗೆ ಎರಡನೇ ಸಲ. ನಿನಗೆ ಬೇಕೆಂದೇ ತಿಳಿಸಲಿಲ್ಲ. ಮತ್ತೆ ಅದೇ ದಾರಿ ಕೊಟ್ಟರು. ಭಂಕೂರ ಯಾವಾಗ ಬರುತ್ತದೆ ಅಂತ ಗಡಿಯಾರ ನೋಡಿದರೇ ಗೊತ್ತಾಗುತ್ತಿತ್ತು. ಕತ್ತು ಎತ್ತಲಿಲ್ಲ. ಹೇಳಿದಲ್ಲಿ ತಿರುಗಿದೆ. ಇದು ಖರೇ ಪಾಸು, ಕಾಗದವೂ ಕೈಯಲ್ಲಿದೆ. ಹೋದ ಸಲದ್ದನ್ನು ಹೊಟ್ಟೆಗೆ ಹಾಕಿಕೋ.

ನಿನ್ನ ಸುಳ್ಳುಬುರುಕಿ,
ಪೂನಮ್

ತಾ.ಕ.: ಇಳಿದ ಮೇಲೆ ಚಹಾ ಕುಡಿಯುತ್ತ ಅಮೀರ್ ಅಲಿ ಸಾಹೇಬರು ಮಾತಿನ ನಡುವೆ ಹೇಳಿದರು: "ಭಂಕೂರ ಗಣಿ ಬಾಜೂಕ ಒಬ್ಬಾಕಿ ಮಾಳಿಗಿ ಮ್ಯಾಲ ನಿಂತು ಕೆಂಪ ಸೀರಿ ಬೀಸ್ತಾಳ. ಎರಡು ವರ್ಷ ಆತು, ಯಾವ ವಿಮಾನ ಬಂದ್ರೂ ಬೀಸ್ತಾಳ. ಇವತ್ತೂ ನಿಂತಿದ್ಳು." ನಾನಿಲ್ಲಿ ಸೇರಿ ಎರಡು ವರ್ಷ. ಮುಖ ತೊಳೆಯಲು ಎದ್ದುಹೋದೆ. ಅಷ್ಟೂ ವಿಮಾನ ನನ್ನವಲ್ಲ ಅವ್ವಾ. ಆದರೂ ಬೀಸು.