ಕದಿರಮ್ಮನ ಸರ್ಟಿಫಿಕೇಟು

ಚಿಂತಾಮಣಿ
12 ಜೂನ್ 2024

ಪ್ರೀತಿಯ ಅಣ್ಣಯ್ಯನಿಗೆ,

ನಮಸ್ಕಾರ. ನೀನು, ಮಾಲಾ ಅತ್ತಿಗೆ, ಅಮ್ಮ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಯುಗಾದಿಗೆ ಬರುತ್ತೇನೆಂದು ಹೇಳಿ ಮಂಚೇನಹಳ್ಳಿ ಕಡೆ ತಲೆ ಹಾಕಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಇರುವಾಗ ಕಾಗದವೇಕೆ ಅನ್ನುತ್ತೀಯೇನೋ. ಫೋನಿನಲ್ಲಿ ನೀನು ಮಾತು ತಿರುಗಿಸಿಬಿಡುತ್ತೀಯ.

ಮೊದಲು ಸಂತೋಷದ ಸುದ್ದಿ. ನನ್ನನ್ನು ಸೀನಿಯರ್ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡಿದ್ದಾರೆ. ಇಲ್ಲಿನ ಸರ್ಕಾರಿ ಆಸ್ಪತ್ರೆಯ ಜೊತೆಗೆ ಶಿಡ್ಲಘಟ್ಟ, ಗೌರಿಬಿದನೂರಿನ ಕ್ಯಾಂಪುಗಳೂ ನನ್ನ ಪಾಲಿಗೆ. ಹೊಸಬರಿಗೆ ಕೆಲಸ ಕಲಿಸುವುದೂ ನಾನೇ. ಮಾತ್ರೆ ಬರೆಯುವವರು ನಮ್ಮ ಮನೋವೈದ್ಯರು. ಮಾತಾಡಿಸಿ, ಪರೀಕ್ಷೆ ಮಾಡಿ, ಮನಸ್ಸು ಹೇಗಿದೆ ಅಂತ ಬರೆದುಕೊಡುವವಳು ನಾನು.

ಹಾಗೆ ಬರೆಸಿಕೊಳ್ಳಲೆಂದೇ ಏಪ್ರಿಲ್‌ನಲ್ಲಿ ನಲ್ಲಪ್ಪ ಅನ್ನುವವನು ತನ್ನ ಅತ್ತಿಗೆ ಕದಿರಮ್ಮನನ್ನು ಕರೆತಂದ. ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ನಾನು ಏನು ಕೇಳಿದರೂ ಅವನೇ ಉತ್ತರ ಕೊಡುತ್ತಿದ್ದ.

"ಇವ್ರಿಗೆ ಏನೂ ಗೊತ್ತಾಗಲ್ಲ ಮೇಡಂ. ಬುದ್ಧಿ ನೆಟ್ಟಗಿಲ್ಲ ಅಂತ ಒಂದ್ ಸರ್ಟಿಫಿಕೇಟ್ ಕೊಟ್ಬಿಡಿ, ಸಾಕು."

ಆಕೆ ತೂಕಡಿಸುತ್ತ ಕೂತಿದ್ದರು. ವಾಸಿಯಾಗುತ್ತದೆಯೇ ಅಂತ ಅವನು ಒಮ್ಮೆಯೂ ಕೇಳಲಿಲ್ಲ. ನನಗೆ ಅಲ್ಲೇ ಅನುಮಾನ ಬಂತು. ಅವನನ್ನು ಹೊರಗೆ ಕಳಿಸಿ ತೆಲುಗಿನಲ್ಲಿ ಮಾತಾಡಿಸಿದೆ.

"ವಾಡುಂಟೆ ಮಾಟ ರಾದಮ್ಮಾ," ಅಂದರು. ಅವನಿದ್ದರೆ ಮಾತೇ ಬರುವುದಿಲ್ಲವಂತೆ. ದಿನಾ ಬೆಳಗ್ಗೆ ಅವನು ಕೊಡುವ 'ಶಕ್ತಿ ಮಾತ್ರೆ' ನುಂಗಿದರೆ ಸಂಜೆತನಕ ಮಂಪರಂತೆ. ಸೆರಗಿನ ಗಂಟಿನಲ್ಲಿ ಒಂದು ಮಾತ್ರೆ ಇತ್ತು. ಡಾಕ್ಟರಿಗೆ ತೋರಿಸಿದೆ. ನಿದ್ದೆ ಮಾತ್ರೆ!

ಆಕೆಯನ್ನು ವಾರ್ಡಿನಲ್ಲೇ ಉಳಿಸಿಕೊಂಡು ಮೆಲ್ಲಗೆ ಅದನ್ನು ಬಿಡಿಸಿದರು. ಆಮೇಲೆ ನಾನು ಪರೀಕ್ಷೆಗೆ ಕೂರಿಸಿದರೆ ಬೇರೆಯೇ ಹೆಂಗಸು! ತನ್ನ ಹಿಪ್ಪುನೇರಳೆ ತೋಟದಲ್ಲಿ ಯಾವ ಸಾಲಿಗೆ ನೀರು ಏರುವುದಿಲ್ಲ, ನಲ್ಲಪ್ಪ ಆ ತೋಟವನ್ನು ಮಾರಲೆಂದು ಯಾರ್‍ಯಾರಿಗೆ ತೋರಿಸಿದ, ಎಲ್ಲ ಹೇಳಿದರು. ಮನಸ್ಸು ಸ್ವಸ್ಥವಾಗಿದೆ ಎಂದು ಬರೆದೆ.

ನಲ್ಲಪ್ಪ ಬಾಗಿಲಲ್ಲೇ ನಿಂತು ಕೂಗಾಡಿದ. "ಸೂಜಿ ಚುಚ್ಚಕ್ ಬರಲ್ಲ, ಮಾತ್ರೆ ಬರಿಯಕ್ ಬರಲ್ಲ, ನೀವೆಂಥ ಡಾಕ್ಟ್ರು?" ಮೇಲಿನವರಿಗೆ ದೂರೂ ಕೊಟ್ಟ. ನಮ್ಮ ಆಸ್ಪತ್ರೆಯ ದೊಡ್ಡ ಸಾಹೇಬರು ಕರೆಸಿ ಏನು ಓದಿದ್ದೀರಿ ಎಂದು ಕೇಳಿದರು. ಎಂ.ಎ. ಆದಮೇಲೆ ಆಸ್ಪತ್ರೆಯಲ್ಲೇ ಎರಡು ವರ್ಷ ಎಂ.ಫಿಲ್., ಕೌನ್ಸಿಲ್ ನೋಂದಣಿ, ಇಷ್ಟು ವರ್ಷದ ಕೆಲಸ, ಎಲ್ಲ ಹೇಳಿದೆ.

"ನಿಮ್ ರಿಪೋರ್ಟೇ ಖಾಯಂ, ಹೋಗಮ್ಮ," ಅಂದರು.

ಕದಿರಮ್ಮ ಈಗ ಶಿಡ್ಲಘಟ್ಟದಲ್ಲಿ ತಂಗಿ ಮಂಗಮ್ಮನ ಮನೆಯಲ್ಲಿದ್ದಾರೆ. ನಲ್ಲಪ್ಪನ ಮೇಲೆ ಪೊಲೀಸರಿಗೆ ಅವರೇ ದೂರು ಕೊಟ್ಟರು.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ
ಪವಿತ್ರ

ಇನ್ನೊಂದು ಮಾತು: ಹೋದ ವಾರ ನೀನು ಫೋನಿನಲ್ಲಿ, "ಅಮ್ಮಂಗೆ ಮರೆವು ಜಾಸ್ತಿ ಆಗಿದೆ ಕಣೇ, ಒಂದ್ ಸರ್ಟಿಫಿಕೇಟ್ ಬರ್ಕೊಡು. ನೋಡೋದೇನಿದೆ, ನೀನೇ ಮಗಳಲ್ವಾ?" ಅಂದೆ. ಅಮ್ಮನಿಗೆ ಕೊಡು ಅಂದರೆ ಮಲಗಿದ್ದಾಳೆ ಅಂದೆ. ಯುಗಾದಿಯಿಂದ ಈಚೆಗೆ ಯಾವ ಹೊತ್ತಿನಲ್ಲಿ ಮಾಡಿದರೂ ಮಲಗಿದ್ದಾಳೆ ಅನ್ನುತ್ತೀಯ. ಅಪ್ಪ ಹೋದಮೇಲೆ ನನ್ನನ್ನು ಓದಿಸಿದವನು ನೀನು. ನಿನ್ನ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನನಗೆ ಊಟ ಸೇರುತ್ತಿಲ್ಲ. ನನ್ನ ಅನುಮಾನ ಸುಳ್ಳಾದರೆ ಎಲ್ಲರೆದುರಿಗೆ ನಿನ್ನ ಕಾಲು ಹಿಡಿಯುತ್ತೇನೆ, ಅಣ್ಣಯ್ಯ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಮ್ಮ ಎಚ್ಚರವಾಗಿರಲಿ.