ತಿಕ್ಕದ ಕೈ

ಜನವರಿ 9, ಬೆಳಿಗ್ಗೆ
ಕುಸ್ತಿ ಕಣದ ಮಣ್ಣಿಗೆ ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿದೆ. ಶಿಷ್ಯೆ ಶೈಲಾ ಎಲ್ಲರಿಗಿಂತ ಮೊದಲು ಹಾಜರು, ಎಂದಿನಂತೆ. ಮಾರ್ಚ್ ಕೊನೆಗೆ ಇಪ್ಪತ್ಮೂರು ವರ್ಷದೊಳಗಿನವರ ತಂಡಕ್ಕೆ ಸೆಲೆಕ್ಷನ್. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಹುಡುಗಿಗೆ ಇದೇ ಕೊನೆ ಅವಕಾಶ.

ಸಂಜೆ
ಪಟ್ಟು ಹಾಕುವಾಗ ಅವಳ ಮೀನಖಂಡದಲ್ಲಿ ಟಪ್ ಅಂತ ಸದ್ದು. ನನಗೂ ಕೇಳಿತು. ಕೂರಿಸಿ, ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದೆ. ಕುಸ್ತಿ ಕಲಿಸುವ ಈ ದುರ್ಗಪ್ಪ ವಸ್ತಾದನ ಕೈ ಬಿದ್ದರೆ ನೋವು ಓಡುತ್ತದೆ ಅಂತ ಹಳಿಯಾಳದ ಪೈಲವಾನರೆಲ್ಲ ಹೇಳುತ್ತಾರೆ. ಹಲ್ಲು ಕಚ್ಚಿ ಕೂತಳು. ಅಳಲಿಲ್ಲ.

ಜನವರಿ 11
ಕಾಲು ಊದಿ ನೇರಳೆ ಬಣ್ಣ. ದಾಂಡೇಲಿಗೆ ಕರೆದೊಯ್ದೆ. ಫಿಜಿಯೋ ಪೂರ್ಣಿಮಾ ಮೇಡಂ ಸ್ಕ್ಯಾನ್ ನೋಡಿದರು.
"ಇದನ್ನ ಯಾರು ತಿಕ್ಕಿದ್ರಿ?"
"ನಾನ ರೀ."
"ಸ್ನಾಯು ಹರದೈತ್ರಿ. ಹಸೀ ಗಾಯ ತಿಕ್ಕಿದ್ರ ಒಳಗ ರಕ್ತ ಇನ್ನೂ ಸೋರ್ತೈತಿ."
ಸೆಲೆಕ್ಷನ್ ತಪ್ಪಿದರೆ ತಪ್ಪು ನನ್ನದೇ.

ಜನವರಿ 15
ಮೇಡಂ ಹಾಳೆಯ ಮೇಲೆ ಗೀಚಿ ತೋರಿಸಿದರು. ಮೊದಲು ಕೆಲವು ಜೀವಕೋಶಗಳು ಸತ್ತ ಎಳೆಗಳನ್ನು ತಿಂದು ಜಾಗ ಚೊಕ್ಕ ಮಾಡುತ್ತವೆ. ಆಮೇಲೆ ಎಳೆಗಳ ಅಂಚಿಗೆ ಸುಮ್ಮನೆ ಮಲಗಿದ್ದ ಬೇರೆ ಕೋಶಗಳು ಏಳುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಬೆಸೆದುಕೊಂಡು ಹೊಸ ಎಳೆ! ಯಾವ ವಸ್ತಾದನೂ ಹೇಳಿಕೊಡದೆ! ಇಷ್ಟು ವರ್ಷ ತಿಕ್ಕಿದ್ದೇ ಬಂತು, ಒಳಗಿನ ಈ ತಾಲೀಮು ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 4
ತಿಕ್ಕದೆ ಕೈ ಸುಮ್ಮನಿರುವುದಿಲ್ಲ. ಎಣ್ಣೆ ಬಾಟಲಿಯನ್ನು ಹೆಂಡತಿ ಮಾಲವ್ವನಿಗೆ ಕೊಟ್ಟು ಕಪಾಟಿಗೆ ಬೀಗ ಹಾಕಿಸಿದೆ. ಬಿದ್ದು ಬಿದ್ದು ನಕ್ಕಳು.
ಶೈಲಾ ಗೋಡೆ ಹಿಡಿದು ಹಿಮ್ಮಡಿ ಎತ್ತುತ್ತಾಳೆ. ಹತ್ತು ಅಂದರೆ ಹತ್ತೇ. ಅಷ್ಟು ಭಾರ ಬಿದ್ದರೇ ಹೊಸ ಎಳೆ ನೆಟ್ಟಗೆ ಕೂರುವುದಂತೆ. ಎಂಥ ತಾಳ್ಮೆ ಈ ಹುಡುಗಿಯದು! ನನಗಿಲ್ಲ.

ಮಾರ್ಚ್ 17
ಓಡಿದಳು. ಜಿಗಿದಳು. ಒಂಟಿಕಾಲಲ್ಲಿ ಇಪ್ಪತ್ತೈದು ಸಲ ಹಿಮ್ಮಡಿ ಎತ್ತಿದಳು! ಮೇಡಂ ಸೆಲೆಕ್ಷನ್‌ಗೆ ಹೂಂ ಅಂದರು. ಖುಷಿಗೆ ಊಟವೇ ಸೇರಲಿಲ್ಲ.
ಸಂಜೆ ಶೈಲಾ ಬಂದು ಎಣ್ಣೆ ಬಾಟಲಿ ನನ್ನ ಮುಂದಿಟ್ಟಳು. ಮಾಲವ್ವನಿಂದ ಇಸಿದುಕೊಂಡಿದ್ದಾಳೆ, ಕಳ್ಳಿ.
"ವಸ್ತಾದರ, ಇನ್ನ ತಿಕ್ಕಬೌದಂತ್ರಿ. ಹಗೂರಕ."
"ಬ್ಯಾಡವಾ. ಈ ಕೈಮ್ಯಾಲ ನನಗ ನಂಬಿಕಿ ಇಲ್ಲ."
"ನನಗೈತ್ರಿ."
ಕಾಲು ಚಾಚಿ ಕೂತೇ ಬಿಟ್ಟಳು. ಕೈ ಮೆಲ್ಲಗೆ ಇಟ್ಟೆ. ಹರಿದ ಜಾಗ ಎಲ್ಲಿ ಅಂತ ಬೆರಳು ಹುಡುಕಿತು. ಮೇಲಿಂದ ಕೆಳಗೆ, ಮತ್ತೆ ಮೇಲೆ... ಸಿಗಲಿಲ್ಲ. ಈ ಕೈಗೇ ಗುರುತು ಸಿಗದ ಹಾಗೆ ಒಳಗೊಳಗೇ ಕೂಡಿಕೊಂಡಿದೆ.