ಟೀಲಾ, ಮೇಲೆ!

ಅಕ್ಟೋಬರ್ 14, ಬೆಳಿಗ್ಗೆ 7

ಮಂಡಿಗೆ ಐಸ್, ಇಪ್ಪತ್ತು ನಿಮಿಷ. ಆಮೇಲೆ ಟೇಪ್. ಅಮ್ಮ ಸಾರ್ಡೀನ್ ಕಾರ್ಖಾನೆಗೆ ಹೋಗಿಯಾಯಿತು. ಮೇಜಿನ ಮೇಲೆ ಬ್ರೆಡ್ಡು, ತಣ್ಣಗಾದ ಕಾಫಿ.

ರಾಷ್ಟ್ರೀಯ ಫುಟ್‌ಬಾಲ್ ತಂಡದ ಲಿಸ್ಟ್ ಬಂದಿದೆ. ನನ್ನ ಹೆಸರಿದೆ. ಅದರ ಕೆಳಗೆ ಹದಿನಾಲ್ಕು ವರ್ಷ ಟೀಲಾಳ ಹೆಸರಿರುತ್ತಿತ್ತು. ಈಗ ನಾಡಿಯಾ ಎಂದಿದೆ. ಇಪ್ಪತ್ತೊಂದು ವರ್ಷದ ಹುಡುಗಿ.

ಟೀಲಾ ಹೋಗಿ ಮೂವತ್ತಾರು ದಿನ.

ಬಂದರಿನ ಹಿಂದಿನ ಮಣ್ಣಿನ ಮೈದಾನದಲ್ಲಿ ಶುರು ಮಾಡಿದ್ದು. ಗಂಡಸರ ಹಳೆಯ ಶರ್ಟು, ಮೊಣಕಾಲಿನವರೆಗೆ... ನಾನು ಎಡಕ್ಕೆ, ಅವಳು ಬಲಕ್ಕೆ. ಇಬ್ಬರೂ ಡಿಫೆಂಡರ್. ದೇಶಕ್ಕೆ ತೊಂಬತ್ತೊಂದು ಪಂದ್ಯ ಆಡಿದ್ದೇನೆ. ಅವಳಿಲ್ಲದೆ ಆಡಿದ್ದು ಆರು.

ಅಕ್ಟೋಬರ್ 23

ಪ್ರಾಕ್ಟೀಸ್. ಎದುರಾಳಿ ಚೆಂಡು ಒದೆಯುವ ಹೊತ್ತಿಗೆ ನಾವಿಬ್ಬರೂ ಒಟ್ಟಿಗೆ ನಾಲ್ಕು ಹೆಜ್ಜೆ ಮುಂದೆ ಬರಬೇಕು. ಆಗ ಅವರ ಫಾರ್ವರ್ಡ್ ನಮ್ಮ ಹಿಂದೆ ಉಳಿದು ಆಫ್‌ಸೈಡ್, ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ಒಬ್ಬಳು ನಿಂತುಬಿಟ್ಟರೂ ಕೆಟ್ಟಿತು. ಕೂಗುವುದು ನನ್ನ ಕೆಲಸ. ಮೊದಲು ಹೆಸರು, ಆಮೇಲೆ "ಮೇಲೆ!"

ಕೈಯೆತ್ತಿ ಕೂಗಿದೆ. "ಟೀಲಾ, ಮೇಲೆ!"

ನಾಡಿಯಾ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಯಾರೂ ನಗಲೂ ಇಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಮೇಲೆ ಶೂ ಬಿಚ್ಚುತ್ತ ಅವಳೇ ಅಂದಳು: "ಡೋನಾ ಮೀರಾ, ನನ್ ಹೆಸರು ಅಷ್ಟೇನೂ ಕಷ್ಟ ಇಲ್ಲ. ಒಂದಕ್ಷರ ಜಾಸ್ತಿ ಅಷ್ಟೇ."

"ಡೋನಾ ಗೀನಾ ಅನ್ಬೇಡ. ಅದೆಲ್ಲ ಮುದುಕಿಯರಿಗೆ."

"ಹೌದಲ್ವಾ ಮತ್ತೆ?" ಅಂದು ಓಡಿಹೋದಳು.

ಒಳ್ಳೆಯ ಹುಡುಗಿ. ವೇಗವಾಗಿದ್ದಾಳೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ನವೆಂಬರ್ 1

ಸಂತರ ಹಬ್ಬ. ಟೀಲಾಳ ಅಮ್ಮ ಡೋನಾ ಅರ್ಮಿಂಡಾ ಜೊತೆ ಸ್ಮಶಾನಕ್ಕೆ. ಬಕೆಟ್ಟು, ಬ್ರಷ್ಷು, ಬಿಳಿ ಸೇವಂತಿಗೆ. ಅಕ್ಕಪಕ್ಕದ ಸಮಾಧಿಗಳಿಗಿಂತ ಟೀಲಾಳ ಕಲ್ಲು ಇನ್ನೂ ಹೊಸದು. ತೊಳೆಯಲು ಏನೂ ಇಲ್ಲ. ಆದರೂ ಉಜ್ಜಿದೆವು.

"ಗಟ್ಟಿಯಾಗಿ ಉಜ್ಜೇ. ಬಾಲ್ ಒದೆಯೋಕೆ ಅಷ್ಟು ಶಕ್ತಿ ಇರತ್ತೆ, ಇದಕ್ಕಿಲ್ವಾ?"

ಆಮೇಲೆ, ನನ್ನ ಕಡೆ ನೋಡದೆ: "ಮನೇಲಿ ಅವಳ ಹೆಸರು ಯಾರೂ ಎತ್ತಲ್ಲ ಮೀರಾ. ಅವಳಪ್ಪ ಆ ಮಾತು ಬಂದ್ರೆ ಎದ್ದು ಹೋಗ್ತಾರೆ. ನಾನು ಅಡುಗೆಮನೇಲಿ ಒಬ್ಳೇ ಇದ್ದಾಗ ಹೇಳ್ಕೋತೀನಿ. ಮೆಲ್ಲಗೆ."

ನವೆಂಬರ್ 18, ಮಧ್ಯಾಹ್ನ

ಕೋಚ್ ಕರೆಸಿದರು. ಪ್ಲೇಆಫ್ ಒಂದೇ ಪಂದ್ಯ. ಗೆದ್ದರೆ ಬೇಸಿಗೆಯ ದೊಡ್ಡ ಟೂರ್ನಿ. ನನಗೆ ಅದೇ ಕೊನೆಯದು.

"ಡಿಫೆನ್ಸ್ ಲೈನ್ ಸ್ವಲ್ಪ ಹಿಂದಕ್ಕಿಡೋಣ. ಹೊಸ ಹುಡುಗಿ. ಸೇಫ್ ಆಗಿ ಆಡಿ."

"ಬೇಡ ಕೋಚ್. ಮೇಲೇ ಇರಲಿ."

"ಖಾತ್ರಿನಾ?"

"ಕೂಗೋಳು ನಾನು ತಾನೇ."

ಆಸ್ಪತ್ರೆಯಲ್ಲಿ ಟೀಲಾ ಹೇಳಿದ್ದಳು: "ನಾನಿಲ್ಲ ಅಂತ ಲೈನ್ ಇಳಿಸ್ಬೇಡ್ವೇ ಹೆದರುಪುಕ್ಕಿ." ಅದನ್ನು ಕೋಚ್‌ಗೆ ಹೇಳಲಿಲ್ಲ.

ಡಿಸೆಂಬರ್ 3, ಬೆಳಿಗ್ಗೆ

ಇಂದು. ಮಂಡಿ ಪರವಾಗಿಲ್ಲ. ಕನ್ನಡಿಯ ಮುಂದೆ ನಿಂತು ಹತ್ತು ಸಲ ಹೇಳಿಕೊಂಡೆ. ನಾಡಿಯಾ. ನಾಡಿಯಾ. ನಾಡಿಯಾ.

ಡಿಸೆಂಬರ್ 6

ಎಂಬತ್ತೊಂದನೇ ನಿಮಿಷದವರೆಗೆ ಸರಿಯಾಗಿಯೇ ಕರೆದೆ.

ಸುಸ್ತಾಗಿತ್ತು. ಗಲಾಟೆ ಜೋರಿತ್ತು. ಕೈಯೆತ್ತಿ ಕೂಗಿ ನಾಲ್ಕು ಹೆಜ್ಜೆ ಮುಂದೆ ಬಂದೆ. ಪಕ್ಕದಲ್ಲಿ ಯಾರೂ ಬರಲಿಲ್ಲ. ನಾಡಿಯಾ ನಿಂತಲ್ಲೇ ಇದ್ದಳು, ಹಿಂದೆ ತಿರುಗಿ. ಅವರ ಹುಡುಗಿ ಅವಳ ಪಕ್ಕದಿಂದಲೇ ದಾಟಿ ಹೋದಳು. ಗೋಲ್. ಒಂದು–ಸೊನ್ನೆ. ಮುಗಿಯಿತು.

ಪೇಪರಿನಲ್ಲಿ ಅವಳ ಫೋಟೋ. "ನಿದ್ದೆಹೋದ ಹುಡುಗಿ." ಪಂದ್ಯ ಮುಗಿದ ಮೇಲೆ ಮೈಕಿನ ಮುಂದೆ ಅವಳೇ ಹೇಳಿದಳು: "ತಪ್ಪು ನಂದೇ." ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ನನ್ನನ್ನು ಕೇಳಿದರು. "ಚಿಕ್ಕವಳು, ಕಲೀತಾಳೆ" ಅಂದೆ.

ಅಂದೆ. ನಾನೇ.

ಡಿಸೆಂಬರ್ 9

ಡೋನಾ ಅರ್ಮಿಂಡಾ ಮನೆಗೆ ಬಂದರು. ಪಾತ್ರೆಯಲ್ಲಿ ಕೋಸಿನ ಸೂಪು, ಇನ್ನೂ ಬಿಸಿ. ಕೂರಲಿಲ್ಲ.

"ಟಿವಿಲಿ ಕೇಳಿಸ್ತು ಮಗಳೇ."

ಪಾತ್ರೆ ಮೇಜಿನ ಮೇಲಿಟ್ಟೆ.

"ಅವರಿಗೆಲ್ಲ ಅದು ಬರೀ ಕಿರುಚಾಟ. ನಂಗೆ ಗೊತ್ತಾಯ್ತು. ಅವಳಪ್ಪನಿಗೂ. ಈ ಸಲ ಎದ್ದು ಹೋಗ್ಲಿಲ್ಲ." ನನ್ನ ಕೆನ್ನೆ ಹಿಡಿದರು, ಕೈಯಲ್ಲಿ ಬೆಳ್ಳುಳ್ಳಿ ವಾಸನೆ. "ಅವಳನ್ನ ಅಷ್ಟು ಜೋರಾಗಿ ಕರೆದು ಎಷ್ಟು ದಿನ ಆಗಿತ್ತು!"

ಥ್ಯಾಂಕ್ಸ್ ಹೇಳಿ ಹೋದರು. ನನಗೆ ಥ್ಯಾಂಕ್ಸ್. ಸೂಪು ಮುಟ್ಟಲಾಗಲಿಲ್ಲ.

ಫೆಬ್ರವರಿ 11

ಹೊಸ ಲಿಸ್ಟ್. ನನ್ನ ಹೆಸರಿದೆ. ಕೆಳಗೆ ಬೇರೆ ಯಾರದೋ ಹೆಸರು. ನಾಡಿಯಾ ಇಲ್ಲ.

ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಸುಮ್ಮನಿದ್ದರೆ ತಾನೇ ಸರಿಹೋಗುತ್ತದೆ ಅಂದುಕೊಂಡಿದ್ದೆ... ಇಲ್ಲ, ಹಾಗೆ ಅಂದುಕೊಂಡಿರಲಿಲ್ಲ. ತೊಂಬತ್ತೆರಡು ಪಂದ್ಯದ ಕೊನೆಗೆ ಈ ಗೋಲು ನನ್ನ ಹೆಸರಿಗೆ ಬರುವುದು ಬೇಡವಾಗಿತ್ತು. ಅಷ್ಟೇ.

ಫೆಬ್ರವರಿ 12, ಬೆಳಿಗ್ಗೆ 11

ಕೋಚ್‌ಗೆ ಎಲ್ಲ ಬರೆದು ಕಳಿಸಿದೆ. ಉತ್ತರ ಒಂದೇ ಸಾಲು: "ಈಗ ಹೇಳಿ ಏನು ಪ್ರಯೋಜನ, ಮೀರಾ?"

ಅವಳಿಗೆ ನಾನೇ ಹೇಳಬೇಕು. ಕ್ಷಮೆ ಕೇಳಲಿಕ್ಕಲ್ಲ. ನೀನು ನಿದ್ದೆಹೋಗಿರಲಿಲ್ಲ, ನಿನ್ನನ್ನು ಯಾರೂ ಕರೆದೇ ಇರಲಿಲ್ಲ — ಇಷ್ಟು ಹೇಳಲಿಕ್ಕೆ. ಮೊದಲು ಹೆಸರು ಹಿಡಿದು ಕರೆಯಬೇಕು. ಕನ್ನಡಿಯ ಮುಂದೆ ನಿಂತು ಮತ್ತೆ ಹತ್ತು ಸಲ ಹೇಳಿಕೊಂಡೆ.

ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿದಳು.

"ಹಲೋ? ಡೋನಾ ಮೀರಾ?"

ನಾನು ಬಾಯಿ ತೆರೆದೆ. ಬಂದದ್ದು — "ಟೀಲಾ."